ಮುಖ ನೋಡಿ ಒತ್ತಿದ ಮುದ್ರೆ

ನಮ್ಮಮ್ಮ ತೀರಿಕೊಂಡದ್ದು ಹೋದ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಎಂಟರ ಹೊತ್ತಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಎಲ್ಲಿ ಬರೆಯಬೇಕಿತ್ತೋ ಅಲ್ಲಿ ನಾನಿದನ್ನು ಬರೆಯಲಿಲ್ಲ.

ಬರೆಯುವುದೇ ನನ್ನ ಕೆಲಸ. ಸರ್ಕಾರದ ಸಹಾಯಧನ ಕಚೇರಿಯಲ್ಲಿ ನಾಲ್ಕನೇ ಕಿಟಕಿ ನನ್ನದು, ಹತ್ತೊಂಬತ್ತು ವರ್ಷದಿಂದ. ಮುದುಕರು, ಅಂಗವಿಕಲರು, ಹಾಸಿಗೆ ಹಿಡಿದವರು, ಇವರಿಗೆಲ್ಲ ತಿಂಗಳು ತಿಂಗಳು ಹಣ ಹೋಗಬೇಕಾದರೆ ಮೂರು ತಿಂಗಳಿಗೊಮ್ಮೆ ನನ್ನ ಕಿಟಕಿಗೆ ಬಂದು ಮುಖ ತೋರಿಸಬೇಕು. ನಾನು ಕಾರ್ಡು ನೋಡಿ, ಮುಖ ನೋಡಿ, ‘ಮುಖತಃ ಪರಿಶೀಲಿಸಲಾಗಿದೆ’ ಎಂಬ ಮುದ್ರೆ ಒತ್ತಿ, ಕಂಪ್ಯೂಟರಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು. ಚೌಕಗಳಿರುವುದು ಮೂರೇ: ಇದ್ದಾರೆ, ಊರು ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ. ಮನುಷ್ಯ ಅಂದಮೇಲೆ ಇಷ್ಟರೊಳಗೆ ಎಲ್ಲಾದರೂ ಒಂದು ಕಡೆ ಇರಲೇಬೇಕು ಎಂಬುದು ಸರ್ಕಾರದ ನಂಬಿಕೆ.

ಜನ ನನ್ನನ್ನು ಮುದ್ರೆಯಮ್ಮ ಎನ್ನುತ್ತಾರೆ. ಪ್ರೀತಿಯಿಂದೇನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸಾಲಿನಲ್ಲಿ ನಿಂತವರು ಅಂದದ್ದನ್ನು ಕಿವಿಯಾರೆ ಕೇಳಿದ್ದೇನೆ. "ಜ್ವರ ಬಂದಿದೆ, ಮುಂದಿನ ವಾರ ಕರ್ಕೊಂಡು ಬರ್ತೀವಿ, ಈಗ ಒತ್ತಿಬಿಡಿ" ಎಂದವರಿಗೆ ನಾನು ಒಂದು ದಿನವೂ ಒತ್ತಲಿಲ್ಲ. ಅಷ್ಟೇಕೆ, ಒಂದೇ ಮನೆಯಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದ ಅಮ್ಮನನ್ನೂ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಅವಳು ಕಿಟಕಿಗೆ ಮುಖ ಒಡ್ಡಿ, ಇಡೀ ಸಾಲಿಗೆ ಕೇಳುವ ಹಾಗೆ, "ನೋಡ್ಕೋ ತಾಯಿ, ಸರಿಯಾಗಿ ನೋಡ್ಕೋ. ನಿನ್ನ ಹೆತ್ತಿದ್ದು ನಾನೇ ಅನ್ನೋದಕ್ಕೂ ಒಂದು ಮುದ್ರೆ ಒತ್ತಿಬಿಡು" ಎನ್ನುತ್ತಿದ್ದಳು. ಸಾಲೆಲ್ಲ ನಗುತ್ತಿತ್ತು. ನಾನು ನಗದೆ ಒತ್ತುತ್ತಿದ್ದೆ. ಒಂದು ಸಲವಾದರೂ ನಕ್ಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!

ಯುದ್ಧ ಎರಡನೇ ವರ್ಷಕ್ಕೆ ಕಾಲಿಟ್ಟಾಗ ಕಚೇರಿಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಬೀಗದಣ್ಣ. ಬೀಗದಣ್ಣ ನಮ್ಮ ಜವಾನ. ಮೂವತ್ತು ವರ್ಷದಿಂದ ಬೀಗದ ಕೈ ಗೊಂಚಲು ಅವನ ಸೊಂಟ ಬಿಟ್ಟು ಇಳಿದಿಲ್ಲ. ಶೆಲ್ ಬಿದ್ದು ಮುಂಬಾಗಿಲು ಹಾರಿಹೋದ ಮೇಲೂ ಸಂಜೆ ಐದಕ್ಕೆ ಸರಿಯಾಗಿ ಬರಿಯ ಚೌಕಟ್ಟಿಗೆ ಸರಪಳಿ ಸುತ್ತಿ ಬೀಗ ಹಾಕುತ್ತಾನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನಾನು ಬೈದರೆ, "ನೀವು ಮುದ್ರೆ ಬಿಡಲ್ಲ, ನಾನು ಬೀಗ ಬಿಡಲ್ಲ" ಎನ್ನುತ್ತಾನೆ. ಕರೆಂಟು ಮತ್ತು ಫೋನು, ಕಂಪ್ಯೂಟರಿನ ಲೈನು ಬರುತ್ತಿದ್ದುದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಅಷ್ಟರಲ್ಲೇ ನಮ್ಮ ಇಡೀ ದಿನದ ಸರ್ಕಾರ.

ಚಳಿಗಾಲದಲ್ಲಿ ಒಂದು ದಿನ ಗಾರೆ ಕೆಲಸದವನೊಬ್ಬ ತನ್ನ ಅಪ್ಪನನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಕಿಟಕಿಗೆ ಹೊರಟ. ಅವನ ಅಪ್ಪ ಲಕ್ವ ಹೊಡೆದು ಮಲಗಿದವರು. ಮುಖ ತೋರಿಸುವ ಕೊನೆಯ ದಿನ ಅದು. ಪೋಸ್ಟಾಫೀಸಿನ ತಿರುವಿನಲ್ಲಿ ಶೆಲ್ ಬಿತ್ತು. ಅಪ್ಪ ಉಳಿದರು, ಮಗ ಉಳಿಯಲಿಲ್ಲ. ಯಾರೋ ಗಾಡಿ ತಳ್ಳಿಕೊಂಡು ಬಂದು ಅದನ್ನು ಆ ಮುದುಕರ ಸಮೇತ ಕಿಟಕಿಯ ಮುಂದೆ ನಿಲ್ಲಿಸಿ, "ತಗೋಳಮ್ಮ, ಮುಖ ನೋಡ್ಕೋ" ಅಂದರು. ನೋಡಿದೆ. ಮುದ್ರೆ ಒತ್ತಿದೆ.

ಮನೆಗೇ ಹೋಗಿ ಒತ್ತೋಣ ಅಂದರೆ ಮುದ್ರೆ ಕಚೇರಿಯ ಹೊಸ್ತಿಲು ದಾಟಬಾರದು ಎಂಬ ನಿಯಮ. ಆದರೆ ಯುದ್ಧ ಬಂದಮೇಲೆ ಒಂದು ಸುತ್ತೋಲೆಯೂ ಬಂದಿತ್ತು: ಊರು ಬಿಟ್ಟವರು ಆರು ತಿಂಗಳು ಮುಖ ತೋರಿಸಬೇಕಿಲ್ಲ, ಹಣ ತಾನಾಗಿ ಹೋಗುತ್ತದೆ. ನಾನು ಹಾಸಿಗೆ ಹಿಡಿದವರಲ್ಲಿ ಹೊತ್ತು ತರುವವರಿಲ್ಲದ ಒಂಬತ್ತು ಜನರ ಮನೆಗೆ ನಾನೇ ನಡೆದುಹೋಗಿ, ಮುಖ ನೋಡಿ, ಬದುಕಿದ್ದಾರೆಂದು ಖಾತ್ರಿ ಮಾಡಿಕೊಂಡು ಬಂದು, ಅವರ ಪುಟಗಳಲ್ಲಿ ‘ಊರು ಬಿಟ್ಟಿದ್ದಾರೆ’ ಎಂದು ಗುರುತು ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು. ಅಂದು ಹಗುರವಾಗಿ ಮನೆಗೆ ಹೋದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಆ ಒಂಬತ್ತರಲ್ಲಿ ಒಬ್ಬರು ಗುಂಡಿ ಅಜ್ಜಿ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ಗುಂಡಿ ಹಚ್ಚಿದವರು. ಕಾಲು ಎರಡೂ ಹೋಗಿದ್ದವು, ನಾಲಿಗೆ ಮಾತ್ರ ಚೆನ್ನಾಗಿ ಓಡಾಡುತ್ತಿತ್ತು. ಅವರನ್ನು ನೋಡಿಕೊಳ್ಳಲು ಅಜ್ಜ ಇದ್ದರು. ಅಜ್ಜನಿಗೆ ಕಣ್ಣಿಗೆ ಪೊರೆ, ಬೆಳಕು ನೆರಳು ಬಿಟ್ಟರೆ ಏನೂ ಕಾಣದು. "ಇವರಿಗೆ ಕಣ್ಣಿಲ್ಲ, ನನಗೆ ಕಾಲಿಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಂದು ಮನುಷ್ಯ. ನಿಮ್ಮ ಕಂಪ್ಯೂಟರಲ್ಲಿ ಹಾಗೇ ಬರ್ಕೊಳ್ಳಿ" ಎಂದಿದ್ದರು ಅಜ್ಜಿ.

ಇನ್ನು ಅಮ್ಮನ ವಿಷಯ. ಕೊನೆಯ ವರ್ಷ ಅವಳೂ ಹಾಸಿಗೆ ಹಿಡಿದಿದ್ದಳು, ಆಗಲೂ ಕುರ್ಚಿಯಲ್ಲಿ ಹೊರಿಸಿ ತಂದೇ ಸಾಲಿನಲ್ಲಿ ಕೂರಿಸಿದ್ದೆ. ನಾನು ಮುದ್ರೆ ಒತ್ತಿ ಆರನೇ ದಿನಕ್ಕೆ ಎದೆಗೆ ಕಫ ಕಟ್ಟಿ ಹೋದಳು. ಔಷಧಿ ಇರಲಿಲ್ಲ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಬೀಗದಣ್ಣನೂ ನಾನೂ ಸೇರಿ ಮಣ್ಣು ಮಾಡಿದೆವು. ಯಾರಿಗೂ ಹೇಳಲಿಲ್ಲ. ಯಾರಾದರೂ ಸಮಾಧಾನ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನಿಸುತ್ತಿತ್ತು. ಹದಿನೈದು ದಿನದೊಳಗೆ ನಮೂದಿಸಬೇಕು. ದಿನಾ ಒಂಬತ್ತಕ್ಕೆ ಲೈನು ಬಂದೊಡನೆ ಅವಳ ಪುಟ ತೆಗೆಯುತ್ತಿದ್ದೆ. ಮೂರನೇ ಚೌಕದವರೆಗೆ ಹೋಗಿ, ಒತ್ತಲಾರದೆ ಮುಚ್ಚುತ್ತಿದ್ದೆ. ಅವಳ ಕಾರ್ಡನ್ನು ಮುದ್ರೆಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದೆ. ಸತ್ತವರನ್ನು ಬಚ್ಚಿಟ್ಟು ಸರ್ಕಾರದ ಹಣ ತಿನ್ನುತ್ತೀರಲ್ಲ ಎಂದು ಕಿಟಕಿಯಿಂದ ಎಷ್ಟು ಜನಕ್ಕೆ ಕೂಗಿದ್ದೆನೋ! ಮಾಡಿದ್ದುಣ್ಣೋ ಮಹಾರಾಯ. ಆ ಹಣ ನಾನು ಮುಟ್ಟಲಿಲ್ಲ ಎನ್ನುವುದು ನಿಜ, ಆದರೆ ಕಳ್ಳರೆಲ್ಲ ಏನಾದರೊಂದು ನಿಜ ಇಟ್ಟುಕೊಂಡೇ ಇರುತ್ತಾರೆ.

ಹೀಗೆ ಮೂರು ವಾರ ಕಳೆದ ಮೇಲೆ ಒಂದು ಶುಕ್ರವಾರ ಒಂಬತ್ತಕ್ಕೆ ಲೈನು ಬರುತ್ತಿದ್ದಂತೆ ಜಿಲ್ಲಾ ಕಚೇರಿಯಿಂದ ದೊಡ್ಡ ಸಾಹೇಬರ ಫೋನು ಬಂತು.

"ಇವತ್ತು ಮಧ್ಯಾಹ್ನ ಎರಡಕ್ಕೆ ಮೂರು ಬಸ್ ಬರ್ತಿವೆ. ಹಾಸಿಗೆ ಹಿಡಿದವರಿಗೆ ಮಾತ್ರ. ಜೊತೆಗೆ ಯಾರನ್ನೂ ಹತ್ತಿಸಲ್ಲ. ಇದೇ ಕೊನೆ ಗಾಡಿ, ಆಮೇಲೆ ರಸ್ತೆ ಮುಚ್ತಾರೆ. ನಿಮ್ಮ ಕಂಪ್ಯೂಟರಿಂದಲೇ ಪಟ್ಟಿ ತೆಗೆದಿದ್ದೀವಿ. ‘ಇದ್ದಾರೆ’ ಅಂತ ಇರೋರೆಲ್ಲ ಬಂದಿದ್ದಾರೆ."

ನನ್ನ ಒಂಬತ್ತರಲ್ಲಿ ಇಬ್ಬರನ್ನು ಮಕ್ಕಳು ಬಂದು ನಿಜವಾಗಿಯೂ ಕರೆದೊಯ್ದಿದ್ದರು. ಉಳಿದ ಏಳು ಜನ ಊರಲ್ಲೇ, ಅವರವರ ಹಾಸಿಗೆಯಲ್ಲೇ ಇದ್ದರು.

"ಸಾರ್, ‘ಊರು ಬಿಟ್ಟಿದ್ದಾರೆ’ ಅಂತ ಇರೋದ್ರಲ್ಲಿ ಏಳು ಜನ..."

"ಊರು ಬಿಟ್ಟವರಿಗೆ ಬಸ್ ಯಾಕಮ್ಮ?"

ಎಲ್ಲವನ್ನೂ ಹೇಳಿದೆ. ಕೆಲಸದಿಂದ ತೆಗೆಯಿರಿ, ಜೈಲಿಗೆ ಹಾಕಿ, ಬರೆದುಕೊಡುತ್ತೇನೆ, ಆ ಏಳು ಹೆಸರು ಮಾತ್ರ ಸೇರಿಸಿ ಎಂದೆ. "ಆ ಸುಳ್ಳಿನ ಕೆಳಗೆ ಪ್ರತಿ ತಿಂಗಳು ಸಹಿ ಹಾಕಿರೋದು ನಾನು. ಇದನ್ನ ನಾನು ಕೇಳಿಸ್ಕೊಂಡಿಲ್ಲ. ಪಟ್ಟಿ ಬಸ್ಸಿನ ಜೊತೆ ಹೊರಟಾಗಿದೆ" ಎಂದು ಫೋನಿಟ್ಟರು.

ಬಸ್ಸಿನ ಸುದ್ದಿಯನ್ನು ಊರಿಗೆ ಮುಟ್ಟಿಸಲು ಬೀಗದಣ್ಣನನ್ನು ಓಡಿಸಿ, ಪಟ್ಟಿಯನ್ನು ಕಂಪ್ಯೂಟರಿನಲ್ಲೇ ತೆಗೆದು ಓದಿದೆ. ಅರವತ್ತೆರಡು ಹೆಸರು. ಓದುತ್ತ ಓದುತ್ತ ಮೈ ಬಿಸಿಯಾಯಿತು. ಕಟ್ಟಿಗೆ ಡಿಪೋದವನ ಅಪ್ಪ: ಹೋಗಿ ತಿಂಗಳಾಯಿತೆಂದು ಬೀದಿಗೆಲ್ಲ ಗೊತ್ತು. ಗಿರಣಿಯವಳ ಅತ್ತೆ: ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದು ನಾನೇ ನೋಡಿದ್ದೆ. ಹೀಗೆ ಆರು ಮನೆ. ಸತ್ತವರಿಗೆ ಬಸ್ಸಿನಲ್ಲಿ ಜಾಗ ಇತ್ತು, ಬದುಕಿದ್ದವರಿಗೆ ಇರಲಿಲ್ಲ. ಮೂವತ್ತೊಂದನೇ ಹೆಸರು ಅಮ್ಮನದು. ಅದನ್ನು ಕಂಡರೂ ಕಾಣದವಳಂತೆ ಕೆಳಕ್ಕೆ ಸರಿಸಿದೆ.

ಕಟ್ಟಿಗೆ ಡಿಪೋಗೆ ಹೋದಾಗ ಮಗ ನನ್ನನ್ನು ನೋಡಿದವನೇ ಬಾಗಿಲಿಗೆ ಅಡ್ಡ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಬಾಯೇ ತೆರೆದಿರಲಿಲ್ಲ, "ಅಪ್ಪಂಗೆ ಜ್ವರ, ನಿದ್ದೆ ಮಾಡ್ತಿದ್ದಾರೆ" ಎಂದ.

"ನಿದ್ದೇನೇ ಮಾಡ್ಲಿ. ಅವರ ಕಾರ್ಡ್ ಕೊಡು."

"ಕಾರ್ಡ್ ಯಾಕಕ್ಕ?"

"ಬದುಕಿರೋ ಒಬ್ಬರನ್ನ ಅವರ ಹೆಸರಲ್ಲಿ ಬಸ್ ಹತ್ತಿಸ್ಬೇಕು. ನಿನ್ನ ಮೇಲೆ ಏನೂ ಬರೆಯಲ್ಲ. ನಿಮ್ಮಪ್ಪನ ಹೆಸರು ಇನ್ನೊಬ್ಬರ ಪ್ರಾಣ ಉಳಿಸುತ್ತೆ."

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಒಳಗೆ ಹೋಗಿ ಕಾರ್ಡು ತಂದು, ಕೊಡುವ ಮುಂಚೆ ಅಂಗಿಯ ಅಂಚಿನಿಂದ ಒರೆಸಿದ. "ಅಪ್ಪ ಹೋದದ್ದು ಹೋದ ತಿಂಗಳು ನಾಲ್ಕನೇ ತಾರೀಕು, ಅಕ್ಕ. ನಾನು ಇದುವರೆಗೂ ಯಾರ ಹತ್ರಾನೂ ಹೇಳಿರ್ಲಿಲ್ಲ" ಎಂದು ಅಳತೊಡಗಿದ. ನಿಂತು ಸಮಾಧಾನ ಮಾಡಲು ನನಗೆ ಪುರುಸೊತ್ತಿರಲಿಲ್ಲ. ಇದ್ದಿದ್ದರೂ ನಾನು ಮಾಡುತ್ತಿದ್ದೆನೋ ಇಲ್ಲವೋ.

ಗಿರಣಿಯವಳು ಮೊದಲು ನನ್ನ ವಂಶವನ್ನೆಲ್ಲ ಜಾಲಾಡಿ ಆಮೇಲೆ ಕಾರ್ಡು ಕೊಟ್ಟಳು. ಒಂದು ಮನೆಯಲ್ಲಿ ಕಾರ್ಡೇ ಇರಲಿಲ್ಲ. ಆ ಮನೆಯವರು ನನಗಿಂತ ಜಾಣರು, ಸತ್ತ ಮಾವನ ಕಾರ್ಡು ಕೊಟ್ಟು ಪಕ್ಕದ ಮನೆಯ ರೋಗಿಯನ್ನು ಆಗಲೇ ಬಸ್ಸಿಗೆ ಹೊರಡಿಸಿಯಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಒಬ್ಬ ಮೋಸಗಾರನ ಕೈ ಕುಲುಕಿದೆ. ಹನ್ನೆರಡೂವರೆಗೆ ಐದು ಕಾರ್ಡು ಹಿಡಿದು ಕಚೇರಿಗೆ ಓಡಿ ಬಂದೆ.

ನಾನು ಹೇಳಿ ಹೋದಂತೆ ಬೀಗದಣ್ಣ ಅಕ್ಕಪಕ್ಕದವರನ್ನು ಹುರಿದುಂಬಿಸಿ ಏಳು ಜನರನ್ನೂ ತಳ್ಳುಗಾಡಿ, ಬಾಗಿಲ ಹಲಗೆ, ಕುರ್ಚಿ ಎಂದು ಸಿಕ್ಕಿದ್ದರ ಮೇಲೆ ತಂದು ಕಚೇರಿಯ ಪಡಸಾಲೆಯಲ್ಲಿ ಮಲಗಿಸಿದ್ದ. ಗಾರೆಯವನ ಅಪ್ಪ ಇದ್ದರು. ನಾನು ಅವರ ಕಣ್ಣು ತಪ್ಪಿಸಿದೆ. ಎಲ್ಲರ ನೋಟ ನನ್ನ ಕೈಯಲ್ಲಿದ್ದ ಕಾರ್ಡುಗಳ ಮೇಲೆ.

"ಐದೇ," ಎಂದೆ. "ಇನ್ನೂ ಎರಡು ಬೇಕು."

ಬೀಗದಣ್ಣ ತಲೆ ತಗ್ಗಿಸಿ, ಬೀಗದ ಗೊಂಚಲಿಗೆ ಕಟ್ಟಿದ್ದ ಚೀಲದಿಂದ ಒಂದು ಕಾರ್ಡು ತೆಗೆದ. "ನಮ್ಮಣ್ಣಂದು. ಹೋಗಿ ಎರಡು ತಿಂಗಳಾಯ್ತು. ನಿಮಗೆ ಹೇಳಿದ್ರೆ ಅತ್ತಿಗೆ ಮನೆ ಒಲೆ ಆರುತ್ತೆ ಅಂತ ಹೇಳಲಿಲ್ಲ, ತಾಯಿ." ಮೂವತ್ತು ವರ್ಷದ ಜವಾನ, ನನ್ನ ಮೂಗಿನ ಕೆಳಗೇ!

ಉಳಿದವರು ಗುಂಡಿ ಅಜ್ಜಿ ಒಬ್ಬರು. ಅವರು ಹಲಗೆಯ ಮೇಲೆ ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿದರು. "ಹೋಗ್ಲಿ ಬಿಡಮ್ಮ. ಕಾರ್ಡಿಲ್ದೆ ಹುಟ್ಟಿದೆ, ಕಾರ್ಡಿಲ್ದೆ ಹೋಗ್ತೀನಿ. ಅವರೊಬ್ಬರೇ ಮನೇಲಿ ಒಲೆ ಹಚ್ಚೋಕೆ ಹೋಗಿ ಕೈ ಸುಟ್ಕೊಂಡಿರ್ತಾರೆ. ನನ್ನ ವಾಪಸ್ ಕಳಿಸು."

ಬೀಗದಣ್ಣ ಮುದ್ರೆಯ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಬೇರೆ ಕಡೆ ತಿರುಗಿದ. ಮಣ್ಣು ಮಾಡುವಾಗ ಜೊತೆಗಿದ್ದವನು ಅವನೊಬ್ಬನೇ.

ಕೊಡಲಾರೆ ಅನಿಸಿತು. ಮುಚ್ಚಿಡುವುದೇಕೆ, ಆ ಕ್ಷಣ ಅಜ್ಜಿಯ ಮೇಲೆ ಸಿಟ್ಟೇ ಬಂತು. ಆ ಕಾರ್ಡು ನನ್ನ ಪೆಟ್ಟಿಗೆಯಲ್ಲಿ ಇರುವ ತನಕ, ಕಂಪ್ಯೂಟರಿನ ಮೊದಲ ಚೌಕದಲ್ಲಿ ಗುರುತು ಇರುವ ತನಕ, ಪ್ರಪಂಚದಲ್ಲಿ ಒಂದು ಜಾಗದಲ್ಲಾದರೂ ಅಮ್ಮ ಇದ್ದಳು. ಪೆಟ್ಟಿಗೆ ತೆಗೆದೆ. ಶಾಯಿ ತಗುಲಿ ಕಾರ್ಡಿನ ಒಂದು ಮೂಲೆ ನೇರಳೆಯಾಗಿತ್ತು. ಅಜ್ಜಿಯ ಕೈಗೆ ಕೊಟ್ಟು, "ಈ ಹೆಸರು ಕರೆದಾಗ ಇದ್ದೀನಿ ಅನ್ನಿ" ಎಂದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಹೆಸರು ಹೇಳಿಕೊಟ್ಟೆ. ಎರಡು ಸಲ ಹೇಳಿಕೊಟ್ಟೆ. ಅಜ್ಜಿ ಕಾರ್ಡನ್ನೂ ನನ್ನನ್ನೂ ನೋಡಿ, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಎರಡು ಗಂಟೆಗೆ ಬಸ್ಸುಗಳು ಬಂದವು. ಜೊತೆಯಲ್ಲಿ ಬಂದ ಅಧಿಕಾರಿಗೆ ಹದಿನೈದು ದಿನದ ನಿದ್ದೆ ಬಾಕಿ ಇದ್ದಂತಿತ್ತು. "ಸ್ಥಳೀಯ ಕಚೇರಿ ಮುದ್ರೆ ಇಲ್ದೆ ಯಾರನ್ನೂ ಹತ್ತಿಸಲ್ಲ" ಎಂದ. ನಾನು ಮುದ್ರೆ ಹಿಡಿದು ಹೊರಟೆ.

"ಮುದ್ರೆ ಹೊಸ್ತಿಲು ದಾಟಬಾರದಲ್ವಾ ತಾಯಿ?" ಎಂದ ಬೀಗದಣ್ಣ.

"ಹೊಸ್ತಿಲು ಎಲ್ಲಿದೆ ತೋರ್ಸು ನೋಡೋಣ!"

ಅಧಿಕಾರಿ ಹೆಸರು ಕರೆಯುತ್ತ ಹೋದ. ನಾನು ಮುಖ ನೋಡುತ್ತ, ಅವನು ಕೊಟ್ಟ ಬಸ್ಸಿನ ಚೀಟಿಗಳ ಮೇಲೆ ಒತ್ತುತ್ತ ಹೋದೆ. ಗಾರೆಯವನ ಅಪ್ಪ ಕಟ್ಟಿಗೆ ಡಿಪೋದವನ ಅಪ್ಪನಾಗಿ ಮೊದಲನೇ ಬಸ್ಸು ಹತ್ತಿದರು. ಕಾರ್ಡಿನ ಫೋಟೋಗಳು ಹತ್ತು ವರ್ಷ ಹಿಂದಿನವು, ಯಾರ ಮುಖಕ್ಕೂ ಹೊಂದುತ್ತಿರಲಿಲ್ಲ, ನಿಜವಾದವರ ಮುಖಕ್ಕೂ. ಮೂವತ್ತೊಂದನೆಯದಾಗಿ ಅವನು ಅಮ್ಮನ ಹೆಸರು ಕರೆದ.

"ಇದ್ದೀನಿ," ಎಂದರು ಗುಂಡಿ ಅಜ್ಜಿ, ಗಟ್ಟಿಯಾಗಿ.

ಅವನು ಪಟ್ಟಿಯಲ್ಲಿನ ವಿಳಾಸವನ್ನೂ ನನ್ನ ಎದೆಯ ಮೇಲಿನ ಗುರುತಿನ ಚೀಟಿಯನ್ನೂ ನೋಡಿದ. "ನಿಮ್ಮ ತಾಯಿನಾ?"

"ಹೂಂ."

"ಮಾತಾಡ್ಬಿಡಿ. ಎರಡು ನಿಮಿಷ ಇದೆ."

ಏನು ಮಾತಾಡುವುದು! ಮುದ್ರೆ ಹಿಡಿದುಕೊಂಡು ಕಂಬದ ಹಾಗೆ ನಿಂತೆ. ಅಜ್ಜಿಯೇ ಕೈ ಚಾಚಿ ನನ್ನ ಮುಂಗೈ ಹಿಡಿದರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು.

"ಯಾಕೆ ಹೀಗೆ ನಿಂತಿದ್ದೀಯೇ? ಬೆಳಿಗ್ಗೆ ಏನಾದ್ರೂ ತಿಂದ್ಯಾ?"

"ತಿಂದೆ, ಅಮ್ಮಾ." ತಿಂದಿರಲಿಲ್ಲ.

"ಮನೇಲಿ ಅವರನ್ನ ನೋಡ್ಕೋ. ಒಲೆ ಹತ್ರ ಬಿಡಬೇಡ."

"ನೋಡ್ಕೊಳ್ತೀನಿ."

ಅಮ್ಮ ಸತ್ತಾಗ ಬಾರದ ಅಳು ಆಗ ಬಂತು. ಅಧಿಕಾರಿ ಮರ್ಯಾದಸ್ಥ, ಮುಖ ತಿರುಗಿಸಿಕೊಂಡ. ನಾನು ಅಜ್ಜಿಯ ಚೀಟಿಯ ಮೇಲೆ ‘ಮುಖತಃ ಪರಿಶೀಲಿಸಲಾಗಿದೆ’ ಎಂದು ಒತ್ತಿದೆ. ಅಕ್ಷರ ಎರಡೆರಡಾಗಿ ಮೂಡಿತು. ಅವರನ್ನು ಎರಡನೇ ಬಸ್ಸಿಗೆ ಏರಿಸಿದರು.

ಸಂಜೆ ಅಜ್ಜನ ಮನೆಗೆ ಹೋಗಿ ಗಂಜಿ ಕಾಯಿಸಿ ಕೊಟ್ಟೆ. "ಹೇಗೆ ಹೋದಳು?" ಎಂದರು. "ಬೇರೆಯವರ ಹೆಸರಲ್ಲಿ ಹೋದ್ರು ಅಜ್ಜ, ಯಾರಿಗೂ ಹೇಳ್ಬೇಡಿ" ಎಂದೆ. ಅವರು ನಕ್ಕರು. "ಐವತ್ತು ವರ್ಷ ನನ್ನ ಹೆಸರಲ್ಲೂ ಇರಲಿಲ್ಲ ಅವಳು. ಅವಳದ್ದೇ ದರ್ಬಾರು" ಎಂದರು. ಶನಿವಾರವೂ ಭಾನುವಾರವೂ ಹೋದೆ. ಭಾನುವಾರ ಅಜ್ಜ ಅಜ್ಜಿಯ ದಿಂಬನ್ನು ಬಿಸಿಲಿಗೆ ಹಾಕಿಸಿದರು, ಬಂದಾಗ ವಾಸನೆ ಎಂದು ಬೈಯಬಾರದಲ್ಲ ಅಂತ.

ಸೋಮವಾರ ಒಂಬತ್ತಕ್ಕೆ ಲೈನು ಬಂತು. ಜೊತೆಯಲ್ಲೇ ಒಂದು ಪಟ್ಟಿ. ಶುಕ್ರವಾರ ಸಂಜೆ ಹೆದ್ದಾರಿಯಲ್ಲಿ ಎರಡನೇ ಬಸ್ಸಿನ ಪಕ್ಕಕ್ಕೆ ಶೆಲ್ ಬಿದ್ದಿತ್ತು. ಮಿಕ್ಕವರೆಲ್ಲ ತಲುಪಿದ್ದಾರೆ. ಐದು ಜನ ಹೋಗಿದ್ದಾರೆ. ಕೆಳಕಂಡವರನ್ನು ಇಂದೇ ‘ತೀರಿಕೊಂಡಿದ್ದಾರೆ’ ಎಂದು ನಮೂದಿಸತಕ್ಕದ್ದು. ಮೂರನೆಯದು ಅಮ್ಮನ ಹೆಸರು.

ಬೀಗದಣ್ಣ ಪಟ್ಟಿಯ ಪ್ರತಿಯನ್ನು ಬೀದಿ ನಲ್ಲಿಯ ಹತ್ತಿರದ ಗೋಡೆಗೆ ಅಂಟಿಸಿ ಬಂದು, ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಕೋಲು ಕುಟ್ಟುವ ಸದ್ದು ಕೇಳಿ ತಲೆ ಎತ್ತಿದೆ. ಅಜ್ಜ. ಅಷ್ಟು ದೂರ ಒಬ್ಬರೇ ನಡೆದು ಬಂದಿದ್ದರು. ಹತ್ತಾರು ವರ್ಷದ ಅಭ್ಯಾಸದಂತೆ ಮುಖವನ್ನು ಕಿಟಕಿಗೆ ಒಡ್ಡಿ ನಿಂತರು.

"ಮುಖ ತೋರಿಸೋಕೆ ಬಂದಿಲ್ಲ ಮಗಳೇ. ನಲ್ಲಿ ಹತ್ರ ಪಟ್ಟಿ ಓದ್ತಿದ್ರು. ನಿಮ್ಮಮ್ಮನ ಹೆಸರಿದೆಯಂತಲ್ಲ. ಎಲ್ಲರೂ ಮರುಗಿದ್ರು. ನಿಂಗೆ ಒಂದು ಮಾತು ಸಮಾಧಾನ ಹೇಳೋಣ ಅಂತ ಬಂದೆ." ಕಿಟಕಿಯ ಕೆಳಗಿನ ಸಂದಿಯಲ್ಲಿ ಕೈ ತೂರಿಸಿ ತಡಕಿದರು. ನನ್ನ ಕೈ ಸಿಕ್ಕಿತು. "ಸಾಲಲ್ಲಿ ನಿಂತು ಎಷ್ಟು ನಗಿಸೋರು. ಒಳ್ಳೇ ಜೀವ. ಅಳು, ಅತ್ತುಬಿಡು. ಮೂರು ದಿನದಿಂದ ನನಗೆ ಗಂಜಿ ಕಾಯಿಸಿ ಕೊಟ್ಟೆ, ನಿನ್ನ ಮನೇಲೇ ಹೀಗಾಯ್ತಲ್ಲ."

ನಿಜ ಹೇಳದೆ ಇದ್ದುಬಿಡಬಹುದಿತ್ತು. ಈಗಲೂ ಯೋಚಿಸುತ್ತೇನೆ, ಇದ್ದುಬಿಡಬಹುದಿತ್ತು.

"ಇನ್ನೊಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ," ಎಂದರು ಅಜ್ಜ. ದನಿ ತಗ್ಗಿತು. "ನಿನ್ನ ದುಃಖದಲ್ಲಿ ನನ್ನದೊಂದು. ಇವಳು ಯಾರ ಹೆಸರಲ್ಲಿ ಹೋದಳು ಅಂತ ನಿಂಗೊಬ್ಬಳಿಗೇ ಗೊತ್ತು. ಆ ಹೆಸರು ಆ ಐದರಲ್ಲಿ ಇಲ್ಲ ತಾನೇ?"

ಹತ್ತೊಂಬತ್ತು ವರ್ಷ ಆ ಕಿಟಕಿಯಲ್ಲಿ ಜನರ ಮುಖ ನೋಡಿದ್ದೇನೆ. ಪೊರೆ ಬಂದ ಆ ಕಣ್ಣು ನನ್ನ ಮುಖದ ಮೇಲೆ ಎಲ್ಲೋ ನೆಟ್ಟಿತ್ತು. ಅಂಥ ಮುಖ ನಾನು ಇನ್ನೊಂದು ನೋಡಿಲ್ಲ.

"ನಮ್ಮಮ್ಮ ಹೋಗಿ ಒಂದು ತಿಂಗಳಾಯ್ತು ಅಜ್ಜ," ಎಂದೆ. "ಬಸ್ಸಲ್ಲಿ ಹೋದದ್ದು ನಮ್ಮಮ್ಮ ಅಲ್ಲ."

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದದ್ದು ಅವರ ಕೈಯಿಂದ ನನಗೆ ಗೊತ್ತಾಯಿತು. ಕೂಗಲಿಲ್ಲ. ನನ್ನ ಕೈಯನ್ನು ಬಿಡಲೂ ಇಲ್ಲ. "ಸಮಾಧಾನ ಹೇಳೋಕೆ ಅಂತ ಬಂದೆ," ಎಂದರು. ಅದನ್ನೇ ಇನ್ನೂ ಎರಡು ಸಲ ಹೇಳಿದರು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ನಾನು ಇನ್ನೊಂದು ಕೈಯಿಂದ ಅಮ್ಮನ ಪುಟ ತೆಗೆದು ಮೂರನೇ ಚೌಕಕ್ಕೆ ಗುರುತು ಹಾಕಿದೆ. ಸ್ಥಳ, ಹೆದ್ದಾರಿ. ದಿನ, ಶುಕ್ರವಾರ. ಎರಡೂ ಸುಳ್ಳು. ಆಮೇಲೆ ಗುಂಡಿ ಅಜ್ಜಿಯ ಪುಟ ತೆಗೆದೆ.

"ಅವಳದ್ರಲ್ಲಿ ಏನಂತಿದೆ?" ಎಂದರು ಅಜ್ಜ.

"ಊರು ಬಿಟ್ಟಿದ್ದಾರೆ ಅಂತ."

"ಅದಕ್ಕೆ ಮುಖ ತೋರಿಸೋದು ಬೇಡವಾ?"

"ಆರು ತಿಂಗಳು ಬೇಡ. ಅದ್ರಲ್ಲಿ ನಾಲ್ಕು ಬಾಕಿ ಇದೆ."

"ಹಾಗಾದ್ರೆ ನಾಲ್ಕು ತಿಂಗಳು ಹಾಗೇ ಇರ್ಲಿ ಬಿಡು," ಎಂದರು.

ಪುಟ ಮುಚ್ಚಿದೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಅಜ್ಜ ಕಿಟಕಿಯಿಂದ ಮುಖ ತೆಗೆಯಲಿಲ್ಲ, ನಾನೂ ಏಳಲಿಲ್ಲ.